ಗಾಜಿನ ಮನೆಯ ಕಳ್ಳರು

ನನ್ನ ಗಂಡ ಬೆರೆಂಡ್‌ಗೆ ಮೇ ತಿಂಗಳಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಜೂನ್ ಮುಗಿಯುವ ಹೊತ್ತಿಗೆ ಕಾಲು ಸ್ವಲ್ಪ ಅಲ್ಲಾಡತೊಡಗಿತು. ಮಾತಿನಲ್ಲಿ ಒಂದೇ ಒಂದು ಪದ ವಾಪಸು ಬಂತು. ನನ್ನ ಹೆಸರು ಬರಲಿಲ್ಲ. ನೀರು, ನೋವು, ಹೌದು, ಇಲ್ಲ, ಯಾವುದೂ ಬರಲಿಲ್ಲ. ಬಂದದ್ದು 'ಕಳ್ರು' ಅನ್ನುವುದೊಂದೇ.

ಅದು ಬಂದ ದಿನ ನಾನು ಅಲ್ಲೇ ಇದ್ದೆ. ನಮ್ಮೂರು ಡೆವೆಂಟರ್‌ನ ಆರೈಕೆ ಕೇಂದ್ರದಲ್ಲಿ ಅವನ ಮಂಚದ ಪಕ್ಕದ ಕಪಾಟಿನೊಳಗೆ ಕೈಗಡಿಯಾರ, ಬೀಗದ ಕೈಗಳ ಗೊಂಚಲು ಎಲ್ಲ ಸುಮ್ಮನೆ ಬಿದ್ದಿದ್ದವು. ಯಾರ ಕೈಗಾದರೂ ಸಿಕ್ಕೀತು, ಮನೆಗೆ ಒಯ್ಯೋಣ ಎಂದು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬೆರೆಂಡ್ ಎಡಗೈ ಎತ್ತಿ ಚೀಲದ ಕಡೆ ತೋರಿಸಿದ. ಮುಖ ಕೆಂಪಾಯಿತು, ಬಾಯಿ ಸೊಟ್ಟಗಾಯಿತು, ಒಳಗಿಂದ ಏನನ್ನೋ ಎಳೆದು ಹಾಕಿದ ಹಾಗೆ ಹೇಳಿದ: "ಕಳ್ರು."

ನರ್ಸ್ ಓಡಿ ಬಂದು ಚಪ್ಪಾಳೆ ತಟ್ಟಿದಳು. "ಮಾತು ಬಂತು! ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ!" ಅವನು ಇನ್ನೊಂದು ಸಲ ಹೇಳಿದ. ಆಗ ಅವಳಿಗೆ ಅದು ಯಾವ ಮಾತು ಎಂದು ತಿಳಿಯಿತು. ಚಪ್ಪಾಳೆ ನಿಲ್ಲಿಸಿ ನನ್ನ ಚೀಲದ ಕಡೆ ನೋಡಿದಳು.

ಕೆಲಸದಿಂದ ನಿವೃತ್ತಿಯಾಗುವ ತನಕ ನಾನು ಕನ್ನಡಕದ ಅಂಗಡಿಯಲ್ಲಿದ್ದವಳು. ಗಿರಾಕಿ ಏನೇ ಅಂದರೂ ಮುಖ ಕೆಡಿಸಿಕೊಳ್ಳದೆ ನಿಂತು ಅಭ್ಯಾಸ. "ಅವನ ಕೀಲಿಗಳೇ ಕಣಮ್ಮ, ಮನೆಗೆ ಒಯ್ತಾ ಇದೀನಿ" ಎಂದೆ, ನಗುತ್ತಲೇ. ನಗು ಎಲ್ಲಿಂದ ಬಂತೋ ಗೊತ್ತಿಲ್ಲ.

ಅಂದಿನಿಂದ ನಾನು ಹೋದಾಗಲೆಲ್ಲ ಅದೇ. ನನ್ನ ಮುಖ ಕಂಡ ಕೂಡಲೇ "ಕಳ್ರು." ಚೀಲ ಕೆಳಗಿಟ್ಟರೆ "ಕಳ್ರು, ಕಳ್ರು." ನರ್ಸುಗಳಿಗೆ ಅಷ್ಟಾಗಿ ಹೇಳುತ್ತಿರಲಿಲ್ಲ, ನನಗೇ ಹೇಳುತ್ತಿದ್ದ. ಅರ್ಥವಾಗದೆ ನಾನು ಸುಮ್ಮನೆ ಕೂತರೆ ಹಾಸಿಗೆಯನ್ನು ಗುದ್ದುತ್ತಿದ್ದ. ಒಂದು ದಿನ ನೀರಿನ ಲೋಟವನ್ನು ಎಡಗೈಯಿಂದ ಗೋಡೆಗೆ ಎಸೆದ. ನಾನು ದಿನಾ ಹೋಗುವುದನ್ನು ಬಿಟ್ಟೆ.

ನನಗೆ ಏನನ್ನಿಸಿತು ಎಂದು ಕೇಳಿದರೆ, ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಕನ್ನಡಿಯಲ್ಲಿ ಕಾಣುತ್ತದೆ, ಮುಟ್ಟಿದರೆ ಯಾರದೋ. ಮೇ ತಿಂಗಳಿನಿಂದ ನಾನು ಇಡೀ ಹಾಗೆಯೇ ಇದ್ದೆ. ಎದ್ದೆ, ಬ್ರೆಡ್ಡಿಗೆ ಚೀಸ್ ಇಟ್ಟುಕೊಂಡು ತಿಂದೆ, ಸೈಕಲ್ ಹತ್ತಿದೆ, ಬಂದು ಮಲಗಿದೆ. ಬೀದಿಯವರು ನನ್ನನ್ನು ಗಟ್ಟಿ ಹೆಂಗಸು ಎಂದರು. ಗಟ್ಟಿಯೂ ಇಲ್ಲ, ಸುಡುಗಾಡೂ ಇಲ್ಲ. ಅಳು ಬರದವಳನ್ನು ಕಂಡರೆ ಜನರಿಗೆ ಹೊಗಳದೆ ಬೇರೆ ದಾರಿ ಕಾಣುವುದಿಲ್ಲ, ಅಷ್ಟೇ.

ಜುಲೈ ಕೊನೆಯಲ್ಲಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಮಾತಿನ ಚಿಕಿತ್ಸೆ ಕೊಡುವ ಫೆನ್ನಾ ಕೂಡ ಇದ್ದಳು. ಚಿಕ್ಕ ವಯಸ್ಸು, ಎಲ್ಲದಕ್ಕೂ ಕಣ್ಣರಳಿಸುವ ಹುಡುಗಿ.

"ಮೇಡಂ, ನೇರವಾಗೇ ಹೇಳ್ಬಿಡ್ತೀನಿ," ಎಂದರು ಡಾಕ್ಟರು. "ನಿಮ್ಮ ಯಜಮಾನ್ರಿಗೆ ನಿಮ್ಮ ಮೇಲೇ ಅನುಮಾನ ಇದ್ದ ಹಾಗಿದೆ. ಯಾರೋ ಕದೀತಾರೆ ಅನ್ನೋ ಭಯ. ಇಂಥ ಸ್ಥಿತೀಲಿ ಮನೆಗೆ ಕಳಿಸಿದ್ರೆ ಇಬ್ರಿಗೂ ಕಷ್ಟ. ನದಿ ಆಚೆ ಒಂದು ಆರೈಕೆ ಮನೆ ಇದೆ. ಅಲ್ಲಿ ಬುದ್ಧಿ ಸ್ಥಿಮಿತ ಇಲ್ದೋರಿಗೆ ಬಾಗಿಲು ಹಾಕಿರೋ ವಿಭಾಗ ಇದೆ."

"ಅವರಿಗೆ ಬುದ್ಧಿ ಕೆಟ್ಟಿಲ್ಲ ಅಂತ ನನಗನ್ಸುತ್ತೆ," ಎಂದಳು ಫೆನ್ನಾ. "ಮಾತು ಸಿಗ್ತಿಲ್ಲ, ಅಷ್ಟೇ."

"ಸಿಕ್ಕಿರೋ ಒಂದು ಮಾತೂ ಹಿಂಗಿದೆಯಲ್ಲಮ್ಮ."

ಅವಳು ಕೆಂಪಗಾದಳು. ಮುಂದಿನ ಗುರುವಾರ ಮತ್ತೆ ಕೂತು ಗಟ್ಟಿ ಮಾಡೋಣ ಎಂದಾಯಿತು. ನೀವೇನಂತೀರಾ ಎಂದು ನನ್ನನ್ನು ಕೇಳಿದರು. ಬಾಗಿಲು ಹಾಕಿರುವ ವಿಭಾಗ. ಬೆರೆಂಡ್ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತ ಜೀವನವಿಡೀ ಬಯಲಲ್ಲಿ ಇದ್ದವನು. ಮನೆಯೊಳಗೆ ಎರಡು ಗಂಟೆ ಕೂತರೆ ಕಿಟಕಿ ತೆಗಿ ಅನ್ನುವವನು. ಇದೆಲ್ಲ ನನಗೆ ನೆನಪಿತ್ತು. ನೆನಪಿಟ್ಟುಕೊಂಡೇ "ಆಗಲಿ" ಎಂದೆ. ಕಾಫಿಯ ಜೊತೆ ಬಿಸ್ಕತ್ತು ಇಟ್ಟಿದ್ದರು, ಅದನ್ನೂ ತಿಂದೆ.

ಆ ಶನಿವಾರ ಬೆಳಿಗ್ಗೆ ಫೋನ್ ಬಂತು.

"ಏನ್ರೀ ಪಕ್ಕದ್ ತೋಟದಮ್ಮಾ, ಬದುಕಿದೀರಾ? ನಾನು ವುಬ್ಬೊ."

ಊರಾಚೆ ರೈಲು ಹಳಿಯ ಪಕ್ಕದ ತೋಟಗಳಲ್ಲಿ ಬೆರೆಂಡ್‌ನದೂ ಒಂದು ತುಂಡು, ಅದರಲ್ಲಿ ಟೊಮೆಟೊ ಬೆಳೆಯಲು ಒಂದು ಗಾಜಿನ ಮನೆ. ಬೇಲಿಯ ಆಚೆಗಿನ ತುಂಡು ವುಬ್ಬೊನದು. ಬಸ್ಸು ಓಡಿಸಿ ನಿವೃತ್ತನಾದವನು, ಈಗಲೂ ಹಿಂದಿನ ಸೀಟಿಗೆ ಕೇಳಿಸುವ ಹಾಗೇ ಮಾತಾಡುತ್ತಾನೆ. ನಾನು ಅವನನ್ನು ನೋಡಿದ್ದು ನಾಲ್ಕಾರು ಸಲ ಇದ್ದೀತು.

"ಗಾಜಿನ ಮನೆಗೆ ಬೀಗ ಇದೆ," ಎಂದ. "ಮೇಲಿನ ಕಿಟಕಿಯಿಂದ ಪೈಪ್ ಇಳಿಬಿಟ್ಟು ನೀರೇನೋ ಹಾಯಿಸ್ತಾ ಬಂದೆ. ಆದ್ರೆ ಒಳಗೆ ಕಾಡು ಬೆಳೆದ್ಬಿಟ್ಟಿದೆ. ಟೊಮೆಟೊ ಗಿಡ ಗಾಜಿಗೆ ತಲೆ ಕೊಟ್ಟು ತಳ್ತಾ ಇವೆ. ಒಂದಕ್ಕೆ ಅಂಗಮಾರಿ ಹತ್ತಿದ್ರೆ ಮುಗೀತು, ಎಲೆ ಕಪ್ಪಾಗಿ ಕೊಳೀತಾ ಇಡೀ ಸಾಲಿನೋರ ಗಿಡ ಹೋಗುತ್ತೆ. ಬಂದು ಏನಾದ್ರೂ ಮಾಡಿ. ಇಲ್ಲಾಂದ್ರೆ ಕೀಲಿ ಕೊಡಿ, ನಾನೇ ಬೇರು ಸಮೇತ ಕಿತ್ತು ಬಿಸಾಕ್ತೀನಿ."

"ಬಿಸಾಕಿ," ಎಂದೆ.

"ನಾನು ಬಿಸಾಕಲ್ಲ."

"ಈಗ ತಾನೇ ಅಂದ್ರಲ್ಲ?"

"ಹೆದರಿಸೋಕೆ ಅಂದಿದ್ದು ಕಣ್ರೀ. ಬೆರೆಂಡ್ ಗಿಡಾನ ನಾನ್ಯಾಕೆ ಕೀಳ್ಲಿ? ನೀವೇ ಬಂದು ಕಿತ್ಕೊಳ್ಳಿ."

ಸರಿ, ಕಿತ್ತುಹಾಕೋಣ ಎಂದೇ ದೊಡ್ಡ ಕಸದ ಚೀಲಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟೆ. ಆ ತೋಟಕ್ಕೂ ನನಗೂ ಎಂದೂ ಆಗಿಬಂದಿರಲಿಲ್ಲ. ಅವನು ಶನಿವಾರ ಅಲ್ಲಿರುತ್ತಿದ್ದ, ನಾನು ಮನೆಯಲ್ಲಿ ರೇಡಿಯೋ ಹಾಕಿಕೊಂಡು ಆರಾಮವಾಗಿರುತ್ತಿದ್ದೆ. ಸಂಜೆ ಟೊಮೆಟೊ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಿದ್ದ. ಸಿಪ್ಪೆ ದಪ್ಪ ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. ಮದುವೆ ಇಷ್ಟು ಕಾಲ ನಡೆದದ್ದು ಈ ಏರ್ಪಾಡಿನಿಂದಲೇ ಇರಬೇಕು.

ಬೀಗ ತೆಗೆದು ಬಾಗಿಲು ಎಳೆದರೆ ಬರಲಿಲ್ಲ. ಒಳಗಿನ ಗಿಡಗಳೇ ಅದನ್ನು ಹಿಡಿದುಕೊಂಡಿದ್ದವು. ಭುಜ ಕೊಟ್ಟು ನೂಕಿದೆ. ಬಿಸಿ, ಘಾಟು, ಹಸಿರು. ಎಲ್ಲಿಂದ ಎಲ್ಲಿಗೆ ಯಾವ ಗಿಡ ಹೋಗುತ್ತಿದೆ ಎಂದು ತಿಳಿಯುವಂತಿರಲಿಲ್ಲ. ಕೊಂಬೆಗಳು ನೆಲದ ಮೇಲೆ ಹರಿದು, ಅಲ್ಲಿಂದ ಮತ್ತೆ ಎದ್ದು, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬೆರೆಂಡ್ ಏಪ್ರಿಲ್‌ನಲ್ಲಿ ಕಟ್ಟಿದ್ದ ಹುರಿಗಳು ಮೊಣಕಾಲ ಎತ್ತರದಲ್ಲೇ ನಿಂತುಹೋಗಿದ್ದವು. ಕಾಯಿಗಳಿದ್ದವು, ಎಲ್ಲ ಗೋಲಿಯಷ್ಟು, ಎಲ್ಲ ಹಸಿರು.

ವುಬ್ಬೊ ಮಡಿಸುವ ಕುರ್ಚಿಯೊಂದನ್ನು ತಂದು ಬಾಗಿಲ ಬಳಿ ಹಾಕಿಕೊಂಡು ಕೂತ. ಅವನ ಮಂಡಿಗಳಿಗೆ ಬಗ್ಗುವುದು ಆಗದು. ಒಳಗೆ ಇಣುಕಿ ತಲೆ ಅಲ್ಲಾಡಿಸಿದ. "ಅಯ್ಯಯ್ಯೋ. ಕಳ್ರ ಸಂತೆನೇ ನೆರೆದಿದೆಯಲ್ರೀ ಇಲ್ಲಿ."

ಆ ಮಾತು ಕೇಳಿ ಥಟ್ಟನೆ ತಿರುಗಿದೆ. "ಯಾವಾಗ ಬಂದ್ರು? ಬೀಗ ಹಾಕಿತ್ತಲ್ಲ, ಏನೇನು ಹೋಗಿದೆ?"

ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೇನೋ ಎಂದು ಕಾದ. ಆಮೇಲೆ ಕೆಮ್ಮು ಬರುವ ತನಕ ನಕ್ಕ.

"ಅಲ್ರೀ, ನಿಮ್ಮ ಗಂಡ ಮೂವತ್ತು ವರ್ಷದಿಂದ ಟೊಮೆಟೊ ಬೆಳೀತಾರೆ, ನಿಮಗೆ ಕಳ್ರು ಅಂದ್ರೆ ಗೊತ್ತಿಲ್ವಾ? ಇಲ್ಲಿ ಬನ್ನಿ. ಇದು ಕಾಂಡ, ಇದು ಎಲೆ. ಇವೆರಡರ ನಡುವೆ, ಈ ಕಂಕುಳಲ್ಲಿ, ಹುಟ್ಟಿದೆಯಲ್ಲ ಈ ಕುಡಿ? ಇವನೇ ಕಳ್ಳ. ಗಿಡದ ಊಟಾನ ಇವನು ತಿಂದು ಇವನೇ ಬೆಳೀತಾನೆ. ತೋಟದೋರು ಇವನ್ನ ಕೀಳೋ ಕೆಲ್ಸಕ್ಕೂ ಅದೇ ಮಾತು ಅನ್ನೋದು. ಶನಿವಾರ ಬಂದ್ರೆ ಬೆರೆಂಡ್ ಬೇಲಿ ಆಚೆಯಿಂದ 'ವುಬ್ಬೊ, ಕಳ್ರು!' ಅಂತ ಕೂಗ್ತಿದ್ರು. ಇವತ್ತು ಕುಡಿ ಕೀಳೋ ದಿನ, ಕಾಫಿ ಕುಡಿದಿದ್ದು ಸಾಕು, ಏಳು ಅಂತ."

ಅಲ್ಲೊಂದು ಬಕೆಟ್ ಇತ್ತು. ಅದನ್ನು ಬೋರಲು ಹಾಕಿ ಕೂತೆ.

ಬೆರೆಂಡ್ ನನ್ನನ್ನು ಕಳ್ಳಿ ಎಂದಿರಲಿಲ್ಲ. ಆ ಗೊಂಚಲಿನಲ್ಲಿದ್ದ ಗಾಜಿನ ಮನೆಯ ಕೀಲಿ ಅವನ ಕಣ್ಣೆದುರೇ ನನ್ನ ಚೀಲಕ್ಕೆ ಹೋಯಿತು, ಹೋಗಿ ಕುಡಿ ಕೀಳು ಎಂದ. ಒಂದು ತಿಂಗಳಿಂದ ಅದನ್ನೇ ಹೇಳುತ್ತಿದ್ದ. ಹಾಸಿಗೆ ಗುದ್ದಿ ಹೇಳಿದ, ಲೋಟ ಎಸೆದು ಹೇಳಿದ. ನನ್ನೊಳಗೆ ಏನಾದರೂ ಕುಸಿಯಬೇಕಿತ್ತು. ಕಾದೆ. ಕುಸಿಯಲಿಲ್ಲ. ಒಂದು ಮಾತ್ರ ತಣ್ಣಗೆ ಹೊಳೆಯಿತು: ಅವನು ಬಾಯಿ ತೆರೆದ ಕೂಡಲೇ ಇದು ನನ್ನ ಮೇಲಿನ ಆರೋಪ ಎಂದು ಎಷ್ಟು ಸಲೀಸಾಗಿ ಒಪ್ಪಿಕೊಂಡೆ. ಅದರಿಂದಲೇ ಅವನನ್ನು ಬಾಗಿಲು ಹಾಕಿರುವ ಕಡೆ ಕಳಿಸಲು "ಆಗಲಿ" ಎನ್ನುವುದೂ ಸುಲಭವಾಯಿತು.

"ಅಲ್ಲಿ ಅವನು ಆಡೋದು ಇದೊಂದೇ ಮಾತು," ಎಂದೆ.

ವುಬ್ಬೊನ ನಗು ನಿಂತಿತು. "ಯಾವ್ದು?"

"ಕಳ್ರು. ಅವನಿಗೆ ತಲೆ ಕೆಟ್ಟಿದೆ ಅಂತ ಎಲ್ಲಾ ತೀರ್ಮಾನ ಮಾಡಿದೀವಿ."

"ಯಾವಾಗಿಂದ ಅಂತಿದಾರೆ?"

"ಜೂನ್ ಕೊನೇಲಿ ಶುರು ಮಾಡಿದ."

ಅವನು ಕುರ್ಚಿಯ ಕೈಯನ್ನು ಉಜ್ಜಿದ. "ಜೂನಲ್ಲೇ ಕೀಳ್ಬೇಕಿತ್ತು. ಸರಿಯಾಗೇ ಹೇಳಿದಾರೆ."

ಕಸದ ಚೀಲಗಳನ್ನು ಬದಿಗಿಟ್ಟು, ಹೇಗೆ ಕೀಳೋದು ತೋರಿಸಿ ಎಂದೆ.

"ಸಣ್ಣದಿದ್ರೆ ಕತ್ತರಿ ಬೇಡ. ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿ, ಟಕ್ ಅಂತ ಬರುತ್ತೆ. ಬೆರಳಿಗಿಂತ ದಪ್ಪ ಇದ್ರೆ ಕತ್ತರಿ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗೋ ಮುಂಚೆ ಕತ್ತರೀನ ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲಾಂದ್ರೆ ಒಂದರ ರೋಗ ಇನ್ನೊಂದಕ್ಕೆ ನೀವೇ ಹಂಚಿದ ಹಾಗೆ. ಎಲೆ ಒದ್ದೆ ಇದ್ರೆ ಮುಟ್ಲೇಬೇಡಿ."

ಮೊದಲ ಟಕ್ ಕೇಳಿಸಿತು. ಇನ್ನೊಂದು. ಮತ್ತೊಂದು. ನಿಲ್ಲಿಸಬೇಕು ಅನ್ನಿಸಲಿಲ್ಲ. ಯೋಚನೆಯೇ ಇಲ್ಲದೆ ಕೈ ಓಡುತ್ತಿತ್ತು, ಎಲೆ, ಕುಡಿ, ಹೂವು, ಸಿಕ್ಕಿದ್ದೆಲ್ಲ.

"ನಿಲ್ಸಿ, ನಿಲ್ಸಿ! ಏನ್ರೀ ಇದು, ಕುರಿ ಬೋಳಿಸ್ತಾ ಇದೀರಾ?" ವುಬ್ಬೊ ಕುರ್ಚಿಯಿಂದಲೇ ಕೂಗಿದ. ಮೊದಲ ಗಿಡ ಬರಿಯ ಕೋಲಾಗಿ ನಿಂತಿತ್ತು, ತುದಿಯಲ್ಲಿ ಒಂದಿಷ್ಟು ಎಲೆ. "ಇಷ್ಟು ದಿನ ಬಿಟ್ಟಿದ್ದನ್ನ ಒಂದೇ ದಿನ ಸರಿ ಮಾಡೋಕೆ ಹೋದ್ರೆ ಗಿಡ ತಡೆಯೋದಿಲ್ಲ. ಎಲೆ ಇಲ್ದೆ ಉಸಿರೂ ಇಲ್ಲ, ಕಾಯಿ ಬಿಸ್ಲಿಗೆ ಬೆಂದುಹೋಗುತ್ತೆ. ಇವತ್ತು ಮೂರರಲ್ಲಿ ಒಂದು ಪಾಲು ಕೀಳಿ. ಉಳಿದಿದ್ದು ಮುಂದಿನ ವಾರ."

"ಹಾಗಾದ್ರೆ ಏನೇನು ಬಿಡ್ಲಿ?"

"ಕೆಳಗಿನ ಗೊಂಚಲಿಗಿಂತ ಕೆಳಗಿರೋ ಎಲೆ ಎಲ್ಲಾ ತೆಗೀರಿ, ಮಣ್ಣಿಗೆ ತಾಗ್ತಾ ಇರೋದೇ ರೋಗ ತರೋದು. ಗಾಳಿ ಆಡ್ಲಿ. ಮೇಲೆ ಬರೀ ಕಳ್ರು. ಕಾಯಿ ಮೇಲೆ ನೆರಳು ಮಾಡಿರೋ ಎಲೆ ಇರ್ಲಿ."

ಎರಡನೆಯ ಗಿಡದಲ್ಲಿ ದಪ್ಪದೊಂದು ಕಳ್ಳನನ್ನು ಹಿಡಿದು ಹೆಮ್ಮೆಯಿಂದ ಕತ್ತರಿಸಿದೆ. ವುಬ್ಬೊ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅದು ಗಿಡದ ತಲೆ ಕಣ್ರೀ! ಕಳ್ಳನ್ನ ಬಿಟ್ಟು ಯಜಮಾನನ ತಲೆ ಹಾರಿಸಿದ್ರಿ!"

"ಈಗೇನು ಮಾಡೋದು?"

"ಏನಿಲ್ಲ. ಪಕ್ಕದ ಕಳ್ಳನ್ನೇ ಯಜಮಾನ ಅಂತ ಕೂರ್ಸಿ. ಎಷ್ಟೋ ಮನೇಲಿ ನಡೀತಿಲ್ವಾ."

ನಗಬೇಕಿತ್ತು. ಅವನೂ ನಾನು ನಗಲಿ ಎಂದು ಕಾಯುತ್ತಿದ್ದ. ಹುರಿ ತೆಗೆದುಕೊಂಡು ಆ ಕುಡಿಯನ್ನು ಮೇಲಿನ ತಂತಿಗೆ ಕಟ್ಟಿದೆ.

ಆಮೇಲಿನವು ಸುಲಭವಾದವು. ಕಣ್ಣು ಪಳಗಿತು. ಗೋಡೆಯ ಬದಿಯ ಕೊನೆಯ ಗಿಡಕ್ಕೆ ಬಂದಾಗ ಮಾತ್ರ ನನಗೆ ತಿಳಿಯಲಿಲ್ಲ. ಮೊಣಕಾಲ ಎತ್ತರದಲ್ಲಿ ಎರಡಾಗಿ ಒಡೆದಿತ್ತು, ಎರಡೂ ಒಂದೇ ದಪ್ಪ, ಎರಡರಲ್ಲೂ ಕಾಯಿ.

"ಇದ್ರಲ್ಲಿ ಕಳ್ಳ ಯಾರು?"

ವುಬ್ಬೊ ಗೊಣಗುತ್ತ ಎದ್ದು ಬಂದ. ಬುಡದಿಂದ ಬೆರಳಾಡಿಸುತ್ತ ಮೇಲಕ್ಕೆ ಹೋದ, ಮತ್ತೆ ಬುಡಕ್ಕೆ ಬಂದ. "ಗೊತ್ತಾಗಲ್ಲ. ಇಷ್ಟು ದಿನ ಬಿಟ್ರೆ ಕಳ್ಳನೂ ಕಾಂಡ ಆಗ್ಬಿಡ್ತಾನೆ."

"ಹಾಗಾದ್ರೆ ಎರಡೂ ಇರ್ಲಿ."

"ಇರ್ಲಿ ಅಂದ್ರೆ ಇರುತ್ತೆ. ಕೊನೇವರೆಗೂ ಎರಡ್ರಲ್ಲೂ ಹಸಿರು ಕಾಯಿ ನೋಡ್ಕೊಂಡು ಕೂತಿರ್ಬೇಕು. ಆಗಸ್ಟ್ ಬಂತು, ಬಿಸಿಲು ಇನ್ನೆಷ್ಟು ದಿನ? ಬೇರು ಇರೋದು ಒಂದೇ."

"ಅದೇನು ತಪ್ಪು ಮಾಡಿದೆ ಅಂತ ಕತ್ತರಿಸ್ಲಿ?"

"ತಪ್ಪು ಅಂತ ಯಾರಂದ್ರು? ಹೆಸರು ಹಾಗೆ ಬಂದಿದೆ, ಅಷ್ಟೇ. ಅದೂ ಅದೇ ಗಿಡ ತಾನೇ." ಅವನು ಸೊಂಟ ಹಿಡಿದುಕೊಂಡು ಕುರ್ಚಿಗೆ ವಾಪಸಾದ. "ಯಾವ್ದಾದ್ರೂ ಒಂದು. ನಿಮ್ಮಿಷ್ಟ."

ಬಲಗಡೆಯದನ್ನು ಕತ್ತರಿಸಿದೆ. ಹಸಿರು ಕಾಯಿಗಳ ಸಮೇತ ನನ್ನ ಮಡಿಲಿಗೆ ಬಿತ್ತು, ಅಷ್ಟು ಭಾರವಿತ್ತು.

ಮರುದಿನ ಬೆರೆಂಡ್‌ನ ಬಳಿಗೆ ಹೋದೆ. ಎಷ್ಟು ತೊಳೆದರೂ ನನ್ನ ಬೆರಳುಗಳಿಂದ ಟೊಮೆಟೊ ಗಿಡದ ಕರಿ ಹಸಿರು ಕಲೆ ಹೋಗಿರಲಿಲ್ಲ. ಅವನು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ. ನನ್ನನ್ನು ಕಂಡು ಶುರು ಮಾಡಿದ, "ಕಳ್ರು."

"ಕಿತ್ತೆ," ಎಂದೆ. "ನಿನ್ನೆ ಕಿತ್ತೆ ಕಣೋ. ವುಬ್ಬೊ ಹೇಳ್ಕೊಟ್ಟ. ಒಂದನ್ನ ಬೋಳಿಸ್ಬಿಟ್ಟೆ, ಇನ್ನೊಂದರ ತಲೆ ಹಾರಿಸ್ದೆ. ಉಳಿದೋವು ಪರವಾಗಿಲ್ಲ. ಟೊಮೆಟೊ ವಿಷ್ಯ ಅಂತ ನನಗೆ ಗೊತ್ತಾಗ್ಲಿಲ್ಲ."

ಅವನು ನನ್ನ ಕೈ ಎಳೆದುಕೊಂಡು ಬೆರಳುಗಳನ್ನು ನೋಡಿದ. ಒಂದೊಂದನ್ನೇ ತಿರುಗಿಸಿ ನೋಡಿದ. ಆಮೇಲೆ ಅತ್ತ, ದೊಡ್ಡದಾಗಿ, ಮೂಗು ಬಾಯಿ ಒಂದು ಮಾಡಿಕೊಂಡು. ನಾನು ಟಿಶ್ಯೂ ತಂದು ಒರೆಸಿದೆ. ನನಗೂ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಸೋಮವಾರ ಫೆನ್ನಾಗೆ ಹೇಳಿದೆ. ಅವಳು ಅರ್ಧ ಕೇಳಿಯೇ ಓಡಿಹೋಗಿ ತನ್ನ ಚಿತ್ರಗಳ ಕಟ್ಟು ತಂದಳು. ಮಾತು ಹೋದವರ ಮುಂದೆ ಹರಡಿ ಬೆರಳಿಟ್ಟು ತೋರಿಸಿ ಅನ್ನುವ ಚಿತ್ರಗಳು. ಕಳ್ಳರು ಅಂದ್ರೆ ಇದರಲ್ಲಿ ಯಾವುದು ಎಂದು ಕೇಳಿದಳು. ನಾಯಿ, ಗಡಿಯಾರ, ಹಣದ ಚೀಲ ಎಲ್ಲ ದಾಟಿ ಬೆರೆಂಡ್ ಟೊಮೆಟೊದ ಮೇಲೆ ಬೆರಳಿಟ್ಟ. ಎಷ್ಟೋ ಪ್ರಶ್ನೆ ಕೇಳಿದಳು, ಒಂದೂ ತಪ್ಪಲಿಲ್ಲ. ಇಷ್ಟು ದಿನ ಅವನು ಈ ಕಟ್ಟನ್ನು ಮುಟ್ಟಲೂ ಒಪ್ಪದೆ ತಳ್ಳುತ್ತಿದ್ದನಂತೆ. ಹೇಳಿದ್ದು ಯಾರಿಗೂ ಅರ್ಥವಾಗದಿದ್ದರೆ ನಾನಾದರೂ ತಳ್ಳುತ್ತಿದ್ದೆ.

"ಎಲ್ಲಾ ಅರ್ಥ ಆಗುತ್ತೆ ಅವರಿಗೆ!" ಫೆನ್ನಾಳ ಕಣ್ಣು ತುಂಬಿತು. ನಾನು ಅವಳಿಗೂ ಟಿಶ್ಯೂ ಕೊಟ್ಟೆ.

ಅವನನ್ನು ಮನೆಗೆ ತರುವುದು ಎಂದು ನಿರ್ಧಾರ ಮಾಡಿದೆ. ಪ್ರೀತಿ ಉಕ್ಕಿ ಮಾಡಿದ್ದಲ್ಲ. ತಪ್ಪು ತಿಳಿದು ಅವನನ್ನು ದೂಡಲು ಹೊರಟಿದ್ದೆ, ತಿಳಿದ ಮೇಲೆ ಕರೆದುಕೊಂಡು ಬರಬೇಕು, ಅದು ನ್ಯಾಯ. ಮಹಡಿ ಹತ್ತಲು ಅವನಿಗೆ ಆಗುವುದಿಲ್ಲ. ಮುಂದಿನ ಕೋಣೆಯಲ್ಲೇ ಮಂಚ ಹಾಕಬೇಕು. ಊಟದ ಮೇಜನ್ನು, ನನ್ನ ಕುರ್ಚಿಯನ್ನು, ರೇಡಿಯೋ ಇಡುವ ಕಪಾಟನ್ನು ಒಬ್ಬಳೇ ಎಳೆದು ಹಿಂದಿನ ಶೆಡ್ಡಿಗೆ ಹಾಕಿದೆ. ಗಾಲಿಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸುವುದನ್ನು ನರ್ಸ್ ಹೇಳಿಕೊಟ್ಟಳು. ಎರಡನೆಯ ಸಲಕ್ಕೇ ನನ್ನ ಬೆನ್ನು ಹಿಡಿದುಕೊಂಡಿತು. ಏನೂ ಆಗಿಲ್ಲ ಎಂದು ಬೆರೆಂಡ್‌ಗೆ ಹೇಳಿದೆ. ಅವನು ನೋಡುತ್ತಿದ್ದ.

"ಮುಂದಿನ ಕೋಣೆ ಖಾಲಿ ಮಾಡಿದೀನಿ," ಎಂದೆ. "ಕಿಟಕಿ ಪಕ್ಕ ನಿನ್ನ ಮಂಚ. ಬೀದಿ ಕಾಣುತ್ತೆ."

ಖುಷಿಪಡುತ್ತಾನೆ ಎಂದುಕೊಂಡೆ. ಅವನ ಮುಖ ಬಿಗಿಯಿತು, ಕಣ್ಣು ಗೋಡೆಯ ಕಡೆ ಹೋಯಿತು. ಅವನ ಅಪ್ಪ ಹಾಗೆಯೇ ಮುಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದ್ದವರು. ಅವರನ್ನು ನೋಡಿಕೊಳ್ಳುತ್ತ ಅಮ್ಮ ಅಷ್ಟು ವರ್ಷ ಗೇಟು ದಾಟಲಿಲ್ಲವಂತೆ, ಭಾನುವಾರ ಚರ್ಚಿಗೂ ಹೋಗಲಿಲ್ಲವಂತೆ. ಇದನ್ನು ಬೆರೆಂಡ್ ಎಂದೂ ಹೇಳಿದವನಲ್ಲ, ಅವನ ತಂಗಿ ಹೇಳಿದ್ದು. ಅವನಿಗೆ ಅದೇ ನೆನಪಾಗಿರಬೇಕು, ಸ್ವಲ್ಪ ದಿನದಲ್ಲಿ ಹೊಂದಿಕೊಳ್ಳುತ್ತಾನೆ ಎಂದುಕೊಂಡು ಚೀಲ ಎತ್ತಿಕೊಂಡೆ.

ಗುರುವಾರ ನಾಲ್ವರೂ ಮೇಜಿನ ಸುತ್ತ ಕೂತೆವು. ಡಾಕ್ಟರು ಬೆರೆಂಡ್‌ನ ಕಡೆ ತಿರುಗಿ ಕ್ಷಮೆ ಕೇಳಿದರು, ಅದನ್ನು ಮೆಚ್ಚಬೇಕು. ಬಾಗಿಲು ಹಾಕಿರುವ ವಿಭಾಗದ ಮಾತು ಮುಗಿಯಿತು ಎಂದರು. ಈಗಿರುವುದು ಎರಡು ದಾರಿ. ಮನೆ ಒಂದು. ಇಲ್ಲವೇ ನದಿ ಆಚೆಯ ಅದೇ ಆರೈಕೆ ಮನೆಯಲ್ಲಿ ಬೀಗವಿಲ್ಲದ ಕೋಣೆ, ಹಗಲು ರಾತ್ರಿ ನೋಡಿಕೊಳ್ಳುವವರು ಇರುತ್ತಾರೆ.

"ಮನೆಗೆ ಕರ್ಕೊಂಡು ಹೋಗ್ತೀನಿ," ಎಂದೆ. "ಎಲ್ಲಾ ತಯಾರಿದೆ."

"ತುಂಬಾ ಸಂತೋಷ," ಎಂದರು ಡಾಕ್ಟರು.

"ಒಂದ್ನಿಮಿಷ," ಎಂದಳು ಫೆನ್ನಾ. "ಅವರಿಗೆ ಅರ್ಥ ಆಗುತ್ತೆ ಅಂತ ಈಗ ಗೊತ್ತಾಗಿದೆಯಲ್ಲ. ಅವರನ್ನೂ ಕೇಳ್ಬೇಕಲ್ವಾ?"

ನನಗೆ ಅದು ಹೊಳೆದೇ ಇರಲಿಲ್ಲ. ಕೇಳಿ ಎಂದೆ. ಏನು ಉತ್ತರ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುವ ಪ್ರಶ್ನೆ ಎಂದೇ ನಾನು ಭಾವಿಸಿದ್ದೆ.

ಅವಳು ಎರಡು ಚಿತ್ರಗಳನ್ನು ಬೆರೆಂಡ್‌ನ ಮುಂದಿಟ್ಟಳು. ಒಂದರಲ್ಲಿ ಕೆಂಪು ಹೆಂಚಿನ ಪುಟ್ಟ ಮನೆ. ಇನ್ನೊಂದರಲ್ಲಿ ತುಂಬ ಕಿಟಕಿಗಳ ಕಟ್ಟಡ. "ಎಲ್ಲಿರೋಕೆ ಇಷ್ಟ? ನಿಧಾನವಾಗಿ ಯೋಚ್ನೆ ಮಾಡಿ."

ಅವನು ಯೋಚನೆ ಮಾಡಲಿಲ್ಲ. ಕಟ್ಟಡದ ಮೇಲೆ ಬೆರಳಿಟ್ಟ.

ಫೆನ್ನಾ ನನ್ನ ಕಡೆ ನೋಡಲಿಲ್ಲ. ಚಿತ್ರಗಳನ್ನು ಅದಲು ಬದಲು ಮಾಡಿ ಮತ್ತೆ ಕೇಳಿದಳು. ಅವನು ಮತ್ತೆ ಕಟ್ಟಡವನ್ನೇ ತೋರಿಸಿದ. ಆಮೇಲೆ ಎಡಗೈಯಿಂದ ಮನೆಯ ಚಿತ್ರವನ್ನು ಎತ್ತಿದ. ಮೇಜಿನ ಈಚೆ ಚಾಚಿ, ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದ.

ಮೇ ತಿಂಗಳಿನಿಂದ ಮೊದಲ ಸಲ ನನ್ನೊಳಗೆ ಏನೋ ಎದ್ದಿತು. ಅದು ಕೋಪ.

"ನೀನ್ಯಾರು ಹೇಳೋಕೆ?" ಎಂದು ಕೂಗಿದೆ. ಡಾಕ್ಟರು ಬೆಚ್ಚಿಬಿದ್ದರು. "ಮೇಜು ಎಳೆದೋಳು ನಾನು, ಬೆನ್ನು ಮುರ್ಕೊಂಡೋಳು ನಾನು. ಯಾರನ್ನ ಕೇಳಿ ತೀರ್ಮಾನ ಮಾಡ್ದೆ? ನಿಮ್ಮಮ್ಮನ ಹಾಗೆ ಅಂದ್ಕೊಂಡ್ಯಾ ನನ್ನ? ನಾನು ನೋಡ್ಕೊಳ್ತಿದ್ದೆ ಕಣೋ ನಿನ್ನ, ನೋಡ್ಕೊಳ್ತಿದ್ದೆ!" ಅಷ್ಟರಲ್ಲಿ ನನ್ನ ಮುಖವೆಲ್ಲ ಒದ್ದೆಯಾಗಿತ್ತು. ಅಳು ಎಷ್ಟು ನೋಯುತ್ತದೆ ಎಂದು ನನಗೆ ಮರೆತೇ ಹೋಗಿತ್ತು.

ಬೆರೆಂಡ್ ನನ್ನ ಕೈ ಬಿಡಲಿಲ್ಲ. ನಾನು ಬೈಯುವಷ್ಟನ್ನೂ ಕೇಳಿಸಿಕೊಂಡ, ತಲೆ ಅಲ್ಲಾಡಿಸುತ್ತ, ಹೌದು ಹೌದು ಅನ್ನುವವನ ಹಾಗೆ. ಮಾತು ಮುಗಿದು ಉಸಿರು ಸರಿಯಾಗುತ್ತಿದ್ದಂತೆ ಕೋಪದ ಕೆಳಗೆ ಇದ್ದದ್ದು ನನಗೆ ಕಂಡಿತು. ಅದು ನಿರಾಳ, ಅವನ ಅಮ್ಮನ ಹಾಗೆ ನಾನು ಗೇಟಿನೊಳಗೆ ಉಳಿಯಬೇಕಿಲ್ಲ ಅನ್ನುವ ನಿರಾಳ. ಅದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು.